ಹೊಳೆ ನೋಡಿ ತಂದ ಕುಂಕುಮ

ನಮ್ಮ ಸುಗಟೂರಿನ ಕಡೆ ಹೊಳೆ ಇಲ್ಲ. ಕೆರೆ ಇದೆ, ಬಾವಿ ಇದೆ. ಹರಿಯುವ ನೀರು ಕಾಣಬೇಕಾದರೆ ಮಳೆಗಾಲದ ಚರಂಡಿಯೇ ಗತಿ. ಎಪ್ಪತ್ತರ ದಶಕದ ಕೊನೆಯಲ್ಲಿ ಊರ ಹೆಂಗಸರು ಬಸ್ಸು ಮಾಡಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟರು. ಅಲ್ಲಿನ ಹಳೆಯ ಅರಮನೆ ತೋಟದ ಅಂಚಿನಿಂದ ಕಾವೇರಿ ಕಾಣುತ್ತದಂತೆ ಎಂದು ಕೇಳಿ ನಾನು ವಾರದ ಮುಂಚೆಯೇ ಸೀರೆ ಮಡಿಸಿಟ್ಟಿದ್ದೆ.

ಹೊರಡುವ ಹಿಂದಿನ ದಿನ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದವು. ಅವನ್ನು ಆರಿಸಿ ಆಗಲೇ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡದಿದ್ದರೆ ಗೂಡು ಕಟ್ಟುವುದಿಲ್ಲ. ಸೊಸೆಯರಿಬ್ಬರಲ್ಲಿ ಒಬ್ಬಳು ಉಳಿಯಬೇಕಾಯಿತು. ಹಿರಿಯಳಾದ ನನ್ನ ಓರಗಿತ್ತಿ ಹಿತ್ತಲಲ್ಲಿ ದೂರ ನಿಂತು ಅತ್ತೆಗೆ ಹೇಳಿದಳು: "ನಾನು ಹೊರಗಾಗಿದೀನಿ ಅತ್ತೆ, ಹುಳದ ಮನೆಗೆ ಬರಂಗಿಲ್ಲ. ತೋಟ ನೋಡಕ್ಕೇನು ಮೈಲಿಗೆ? ಗುಡಿಗೆ ಹೋಗಲ್ಲ, ಬಸ್ಸಲ್ಲೇ ಕೂತಿರ್ತೀನಿ."

ಮುಟ್ಟಾದವಳ ನೆರಳು ಬಿದ್ದರೂ ಹುಳು ಕೆಡುತ್ತದೆ ಎನ್ನುವವರು ನಮ್ಮತ್ತೆ. ನಾನು ಉಳಿದೆ.

ಹೋಗಿ ಬಂದವಳು ಮೂರು ದಿನ ತುಂಬುವವರೆಗೂ ಹಿತ್ತಲಲ್ಲಿ ಕೂತು, ನನ್ನ ಕೈಯಿಂದ ಅನ್ನ ಹಾಕಿಸಿಕೊಂಡು, ಅರಮನೆಯ ಗೋಡೆ ತುಂಬ ಬರೆದ ಆನೆ ಕುದುರೆ ಯುದ್ಧ, ಕಾವೇರಿಯ ಅಗಲ ಎಲ್ಲ ವರ್ಣಿಸಿದಳು. ಬಾವಿಕಟ್ಟೆಯಲ್ಲಿ ಪಕ್ಕದ ಮನೆಯವಳು ಅಂದಳು: "ಗುಡೀಲಿ ನಿಮ್ಮಕ್ಕ ಎಲ್ಲಾರ್ಗಿಂತ ಮುಂದೆ ನಿಂತು ಮಂಗಳಾರತಿ ತಗೊಂಡ್ರು ಕಣಮ್ಮ, ನಮ್ಗೆ ಸ್ವಾಮೀನೇ ಕಾಣ್ಲಿಲ್ಲ!"

ಹಾಗಾದರೆ ಹೊರಗಾಗಿದ್ದು ಬರೀ ನೆಪ. ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಜಗಳ ಒಂದು ಸಂಜೆಗೆ ಮುಗಿಯುತ್ತಿತ್ತು. ನನಗೆ ಅಷ್ಟು ಸಾಲದು. ಹಲ್ಲು ಕಚ್ಚಿ ಕಾದೆ.

ಎರಡು ವರ್ಷದ ಮೇಲೆ ಮತ್ತೆ ಅದೇ ಬಸ್ಸು, ಮತ್ತೆ ಹಣ್ಣಾದ ಹುಳು. ಈ ಸಲ ನಾನೇ ಮೊದಲು ಎದ್ದು, ಹಿತ್ತಲಲ್ಲಿ ಅವಳು ನಿಂತಿದ್ದ ಜಾಗದಲ್ಲೇ ನಿಂತು, ಅವಳ ಮಾತನ್ನೇ ಅವಳಿಗೆ ಕೇಳುವಂತೆ ಅತ್ತೆಗೆ ಒಪ್ಪಿಸಿದೆ. ಅವಳ ಮುಖ ಸುಟ್ಟ ಬದನೆಕಾಯಿಯಾಯಿತು.

ತೋಟದ ಅಂಚಿನಲ್ಲಿ ನಿಂತು ಕಾವೇರಿಯನ್ನು ಕಣ್ತುಂಬ ನೋಡಿದೆ. ಬಂಡೆಗಳ ನಡುವೆ ನೀರು ನಿಲ್ಲದೆ ಹೋಗುತ್ತಲೇ ಇತ್ತು. ನಿಜ ಹೇಳುತ್ತೇನೆ, ಆ ನೀರಿಗಿಂತ ತಂಪೆನಿಸಿದ್ದು ಈ ಹೊತ್ತಿಗೆ ಅವಳು ಸೊಂಟ ಬಗ್ಗಿಸಿ ಹುಳು ಆರಿಸುತ್ತಿರುತ್ತಾಳೆ ಎನ್ನುವ ಯೋಚನೆ. ಗುಡಿಗೂ ಹೋದೆ. ಎಲ್ಲರಿಗಿಂತ ಮುಂದೆಯೇ ನಿಂತೆ.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಸೆರಗಿನ ಗಂಟಿನಿಂದ ಗುಡಿಯ ಕುಂಕುಮ ತೆಗೆದು ಅವಳ ಮುಂದೆ ಹಿಡಿದೆ.

"ಹೋದ್ಸಲ ನೀವು ನಿಂತಿದ್ರಲ್ಲ ಅಕ್ಕ, ಅದೇ ಜಾಗ್ದಲ್ಲಿ ನಿಂತು ತಂದೆ."

ಅತ್ತೆ ಒಳಗೇ ಇದ್ದರು. ಅವಳು ಕೂಗಿ ಹೇಳಿದರೆ ನನ್ನ ಜೊತೆ ಅವಳ ಬಣ್ಣವೂ ಬಯಲಾಗುತ್ತಿತ್ತು. ಹಣೆಯೊಡ್ಡಿದಳು. ನಾನು ದೊಡ್ಡದಾಗಿಯೇ ಇಟ್ಟೆ.