ಮೇಷ್ಟ್ರು ಅಳಿಸಿದ ಪ್ರಭಾವಳಿ

ಬೇಲೂರಿನ ಡ್ರಾಯಿಂಗ್ ಮೇಷ್ಟ್ರು ಭಾಷ್ಯಂ ಅವರಿಗೆ ನಮ್ಮೂರು ಒಂದೇ ಒಂದು ಸಲ ಗೌರವ ಕೊಟ್ಟಿತು. ಅದೂ ಅವರು ಮಾಡಿದ ತಪ್ಪಿಗೆ.

ಅವರ ಹೆಂಡತಿ ರಂಗನಾಯಕಿ ಮದುವೆಯಾದ ವರ್ಷವೇ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಕತ್ತು ವಾರೆ ಮಾಡಿಕೊಂಡಿದ್ದರು. ತಲೆ ಮೇಲೆತ್ತಲು ಆಗುತ್ತಿರಲಿಲ್ಲ. ದೇವಸ್ಥಾನದ ಸೂರಿನಡಿಯ ಮದನಿಕೆಯರನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರೆ, ಪಕ್ಕದ ಬೀದಿಯ ಈಕೆ ಕಂಡದ್ದು ಅಂಗಳದ ಹಾಸುಗಲ್ಲು ಮಾತ್ರ. "ಪಟ ತೆಗೆದು ಕೈಗೆ ಕೊಡ್ತೀನಿ ಕಣೇ" ಎಂದು ಮೇಷ್ಟ್ರು ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಅಷ್ಟೆತ್ತರದ ಮದನಿಕೆ ಅವರ ಕ್ಯಾಮೆರಾದಲ್ಲಿ ಬರೀ ಚುಕ್ಕಿಯಾಗಿ ಬರುತ್ತಿದ್ದಳು.

೧೯೩೮ರಲ್ಲಿ ಬಿಕ್ಕೋಡಿನ ತೋಟದ ದೊರೆ ಊರು ಬಿಡುವಾಗ ಎಸೆದುಹೋದ ದುರ್ಬೀನಿನ ಗಾಜನ್ನು ಮೇಷ್ಟ್ರು ತಮ್ಮ ಕ್ಯಾಮೆರಾಕ್ಕೆ ಕೂರಿಸಿದರು. ಕರಿಬಟ್ಟೆಯೊಳಗೆ ತಲೆ ಹಾಕಿದರೆ ಹಿಂದಿನ ಮಸುಕು ಗಾಜಿನ ಮೇಲೆ ಮದನಿಕೆ ದೊಡ್ಡದಾಗಿ, ತಲೆಕೆಳಗಾಗಿ ನಿಂತಿದ್ದಳು. ಮೈಯಂಚಿಗೆಲ್ಲ ನೇರಳೆ ಬಣ್ಣದ ಗೆರೆ. ಅಗ್ಗದ ಗಾಜು ಬಣ್ಣಗಳನ್ನೆಲ್ಲ ಒಂದೇ ಕಡೆ ಕೂಡಿಸಲಾರದೆ ಅಂಚಿನಲ್ಲಿ ಚೆಲ್ಲಿತ್ತು, ಅಷ್ಟೆ. ಆದರೆ ಪಕ್ಕದಲ್ಲಿದ್ದ ಅಮಲ್ದಾರ್ ಗಂಗಾಧರಯ್ಯ ಇಣುಕಿ ನೋಡಿ ಕೆನ್ನೆ ಬಡಿದುಕೊಂಡರು.

"ಮೇಷ್ಟ್ರೇ, ಇದು ಪ್ರಭಾವಳಿ ಕಣ್ರೀ."

ಅಮಲ್ದಾರರು ಹೇಳಿದ ಮೇಲೆ ಮುಗಿಯಿತು, ಅದು ಸರ್ಕಾರಿ ಪ್ರಭಾವಳಿ. ಸಂಜೆಯೊಳಗೆ ಕರಿಬಟ್ಟೆಯ ಮುಂದೆ ಸಾಲು ನಿಂತಿತು. ಹಗರೆಯ ಕೆಂಚಯ್ಯ ತೆಂಗಿನಕಾಯಿಯನ್ನೇ ಹಿಡಿದು ಬಂದ. ಅವಳು ದೇವರಲ್ಲವೆಂಬುದಾಗಲಿ, ತಲೆಕೆಳಗಾಗಿದ್ದಾಳೆಂಬುದಾಗಲಿ ಯಾರ ಭಕ್ತಿಗೂ ಅಡ್ಡಿಯಾಗಲಿಲ್ಲ.

ಪಟ ಮಾತ್ರ ಮಬ್ಬುಮಬ್ಬಾಗಿ ಬಂತು. ಕಣ್ಣು ಹಳದಿಗೆ ಹದ ಮಾಡಿದರೆ, ಪಟ ಮೂಡುವ ಪ್ಲೇಟು ನೇರಳೆಯನ್ನು ಹಿಡಿದಿತ್ತು. ಊರವರು ಆ ಮಬ್ಬಿಗೇ ಕಟ್ಟು ಹಾಕಿಸಿ, ಕುಂಕುಮವಿಟ್ಟು, ಮೇಷ್ಟ್ರಿಗೆ ಶಾಲು ಹೊದಿಸಿದರು. ಶಾಲು ಹೊದ್ದ ಮೇಷ್ಟ್ರು ಹೆಂಡತಿಗೆ ಮುಖ ತೋರಿಸಲಾರದೆ ಹಿತ್ತಲಲ್ಲಿ ಕೂತರು.

ಮುಂದಿನ ತಿಂಗಳು ನೇರಳೆಯನ್ನು ತಡೆಯಲು ಕ್ಯಾಮೆರಾದ ಮುಂದುಗಡೆ ಹಳದಿ ಗಾಜೊಂದನ್ನು ಕಟ್ಟಿ, ಹಳದಿಯನ್ನೂ ಹಿಡಿಯುವ ಹೊಸ ನಮೂನೆಯ ಪ್ಲೇಟು ಹಾಕಿ ಮತ್ತೆ ತೆಗೆದರು. ನೇರಳೆ ಗೆರೆ ಮಾಯವಾಯಿತು. ಪಟದಲ್ಲಿ ಬಳೆಗಳನ್ನು ಎಣಿಸಬಹುದಾಗಿತ್ತು.

"ಪ್ರಭಾವಳಿ ಎಲ್ಲೈತೆ ಸೋಮಿ?" ಎಂದ ಕೆಂಚಯ್ಯ.

"ಅದು ಗಾಜಿನ ದೋಷ ಕಣಪ್ಪ."

"ದೋಸ ಗಾಜಿಂದಲ್ಲ ಬುಡಿ, ನೋಡೋರ್ದು."

ಅಮಲ್ದಾರರು ಮೇಷ್ಟ್ರನ್ನು ಕಂಡರೆ ಮುಖ ತಿರುಗಿಸತೊಡಗಿದರು. ಆದರೂ ಶಾಲನ್ನು ಯಾರೂ ವಾಪಸು ಕೇಳಲಿಲ್ಲ. ನಮ್ಮೂರಿನ ಮನಸ್ಸು ಅಷ್ಟು ದೊಡ್ಡದು.

ರಂಗನಾಯಕಿ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಗಾಜು, ಬಣ್ಣ, ಪ್ಲೇಟು ಎಂದು ಹೆಣಗಿದ ಮೇಷ್ಟ್ರು ಒಂದು ಸಲವೂ ಗಮನಿಸದಿದ್ದುದು ಆಕೆಗೆ ಕಂಡಿತು.

"ಇಲ್ನೋಡಿ," ಎಂದರು, "ಇವಳ ಕತ್ತೂ ವಾರೆ."