ತಟ್ಟೆ ತಿರುಗಿಸುವ ಭವ್ಯಾ

“ಅಮ್ಮಾ, ಅಜ್ಜಿ ಉಣ್ಣೋವಾಗ ಭವ್ಯತ್ತೆ ಯಾಕೆ ತಟ್ಟೆ ತಿರುಗಿಸ್ತಾಳೆ?” ಎಂದು ಮಗಳು ಕೇಳಿದಳು. ಎದುರು ಮನೆಯಲ್ಲಿ ಊಟದ ಹೊತ್ತಿಗೆ ಸರಿಯಾಗಿ ಹಾಜರಾಗುವುದು ಅವಳ ನಿತ್ಯದ ಕೆಲಸ. ಅವಳ ವಯಸ್ಸಿಗೆ ತಿಳಿಯುವ ಹಾಗೆ ಹೇಳಲು ನನ್ನಿಂದಾಗಲಿಲ್ಲ. ಬರೆದಿಡುತ್ತೇನೆ, ದೊಡ್ಡವಳಾದ ಮೇಲೆ ಓದಿಕೊಳ್ಳಲಿ.

ಭವ್ಯಾ ನಮ್ಮ ನಿಟ್ಟೂರಿನ ದುಗ್ಗಪ್ಪಣ್ಣನ ಮಗಳು. ಬೆಂಗಳೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ, ಮೇಜರ್ ನ್ಯೂರೋಸೈನ್ಸ್. ಅಂದರೆ ಮಿದುಳಿನ ವಿಜ್ಞಾನ. ಸೀಟು ಸಿಕ್ಕಾಗಿನಿಂದ ಊರಲ್ಲಿ ಅವಳಿಗೆ ಒಂದೇ ವಿಚಾರಣೆ.

“ಓದಿದ್ಮೇಲೆ ಡಾಕ್ಟ್ರಾ?”

“ಅಲ್ಲ.”

“ನರ್ಸಾ?”

“ಅಲ್ಲ.”

“ಮತ್ತೆಂತಕ್ಕೆ ಮಾರಾಯ್ತಿ?”

ಒಂದು ದಿನ ಅಂಗಡಿಯ ದುರ್ಗೇಶನಿಗೆ ಅವಳು, “ನಿಮ್ಮ ತಲೆಯೊಳಗೆ ಎಂತ ಇದೆ ಅಂತ ನೋಡೋಕೆ. ಇದ್ರೆ,” ಎಂದಳಂತೆ. ಆಮೇಲೆ ಆತ ಕೇಳಿಲ್ಲ.

ಈ ಮಳೆಗಾಲದಲ್ಲಿ ಅವಳ ಅಜ್ಜಿ ಕೆರಿಯಮ್ಮನಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಕೈಕಾಲು ಆಡುತ್ತಿದ್ದವು, ಬಾಯಂತೂ ಮೊದಲಿಗಿಂತ ಜೋರು. ಎಲ್ಲ ಸರಿಹೋಯಿತು ಅಂದುಕೊಂಡೆವು. ಆಮೇಲೆ ಹೊಸ ತಕರಾರು ಶುರುವಾಯಿತು: “ಸೊಸೆ ನಂಗೆ ಮೀನು ಬಡಿಸಲ್ಲ.” ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಹೇಳುವುದು. ಸೊಸೆ ಜಲಜಮ್ಮ, ಅಂದರೆ ಭವ್ಯಾಳ ತಾಯಿ, ನನ್ನ ಮುಂದೆ ಕಣ್ಣೀರು ಹಾಕಿದ್ದಾರೆ. “ದೊಡ್ಡ ತುಂಡೇ ಹಾಕ್ತೀನಿ ಕಣೇ. ಅದನ್ನ ಮುಟ್ಟದೇ ಎದ್ದು ನನ್ನ ಮಾನ ಕಳೀತಾರೆ.”

ದಸರಾ ರಜೆಗೆ ಬಂದ ಭವ್ಯಾ ಅಜ್ಜಿಯ ಎದುರು ಕೂತು ಊಟ ನೋಡಿದಳು. ಬಲಗಡೆಯ ಅನ್ನ ಖಾಲಿಯಾಗಿತ್ತು, ಎಡಗಡೆಯ ಮೀನು ಹಾಗೇ ಇತ್ತು. ಭವ್ಯಾ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. “ಅಯ್ಯ, ಈಗ ಹಾಕಿದ್ಯಾ?” ಎನ್ನುತ್ತಾ ಅಜ್ಜಿ ಮುಳ್ಳು ಬಿಡಿಸತೊಡಗಿದರು.

ಕಣ್ಣು ಸರಿಯಾಗಿಯೇ ಇದೆ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಿರುವುದರಿಂದ ಎಡಗಡೆ ಅನ್ನುವುದೊಂದು ಇದೆಯೆಂದೇ ಅಜ್ಜಿಯ ಗಮನಕ್ಕೆ ಬರುತ್ತಿಲ್ಲ ಎಂದು ಭವ್ಯಾ ವಿವರಿಸಿದಳು. ಜಲಜಮ್ಮ ತಕ್ಷಣ ನಂಬಿದರು. ಗಂಡಸರು ನಂಬಲಿಲ್ಲ.

ಅಷ್ಟರಲ್ಲಿ ಭೂಮಿ ಹುಣ್ಣಿಮೆ ಬಂತು. ಅವತ್ತು ಬಸುರಿಗೆ ಬಯಕೆ ಊಟ ಹಾಕುವ ಹಾಗೆ ಗದ್ದೆಗೆ ಬಡಿಸಬೇಕು. ಅಡುಗೆ ಹೊತ್ತೊಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದು ಆ ಮನೆಯಲ್ಲಿ ಯಾವತ್ತೂ ಕೆರಿಯಮ್ಮಜ್ಜಿಯೇ. ಈ ಸಲವೂ ಹಟ ಹಿಡಿದು ಬರೆದರು. ಒಂದೊಂದು ಚೌಕದಲ್ಲೂ ಬಲಗಡೆ ಕೂದಲೆಳೆಯಂಥ ಗೆರೆಗಳು, ಎಡಗಡೆ ಬರೀ ಕೆಂಪು. ಚಿತ್ತಾರದ ಏಣಿಗೆ ಒಂದೇ ಕಾಲು. “ಮುಗೀತು,” ಎಂದು ಅಜ್ಜಿ ಕೈ ತೊಳೆದುಕೊಂಡರು.

ಭವ್ಯಾಳ ಚಿಕ್ಕಪ್ಪ ಪೂರ್ಣೇಶ ಬುಟ್ಟಿ ನೋಡಿ ಕೂಗಾಡಿದ. “ಬಸುರಿಗೆ ಅರ್ಧ ಬುಟ್ಟಿಯಾ? ಅಪಶಕುನ. ಒರೆಸಿ ಬೇರೆಯವರ ಕೈಲಿ ಬರ್ಸಿ ಅತ್ತಿಗೆ. ಅವ್ವಂಗೆ ಎಂತದೋ ಗಾಳಿ ಸೋಕಿದೆ. ತೀರ್ಥಹಳ್ಳಿ ಕಡೆ ನೋಟ ಹೇಳೋರು ಇದಾರೆ, ಕರ್ಕೊಂಡ್ ಹೋಗಣ.”

ಭವ್ಯಾ ಬುಟ್ಟಿಯ ಮುಂದೆ ಹೋಗಿ ನಿಂತಳು. “ಅಜ್ಜಿ ಬರ್ದಿದ್ದನ್ನ ಯಾರೂ ಒರೆಸಂಗಿಲ್ಲ. ಅಜ್ಜೀ, ಕಣ್ಮುಚ್ಚು. ಬಸ್ಸಿಳಿದು ಮನೆಗೆ ನಡ್ಕೊಂಡ್ ಬರ್ತಿದೀಯ ಅನ್ಕೋ. ದಾರೀಲಿ ಎಂತೆಂತ ಸಿಗುತ್ತೆ?”

“ನಂಗೆ ಅರಳುಮರಳು ಅನ್ಕೊಂಡ್ಯಾ? ರೈಸ್ ಮಿಲ್ಲು. ದುರ್ಗೇಶನ ಅಂಗಡಿ. ಅಂಗನವಾಡಿ. ನಮ್ಮನೆ.”

“ಮತ್ತೆ?”

“ಅಷ್ಟೇ.”

ಮಗಳನ್ನು ಕರೆದೊಯ್ಯಲು ಬಂದ ನಾನು ಅಲ್ಲೇ ನಿಂತಿದ್ದೆ. ನಮ್ಮ ಮನೆಯನ್ನು ಅಜ್ಜಿ ಬಿಟ್ಟೇಬಿಟ್ಟಿದ್ದರು.

“ಈಗ ಮನೆಯಿಂದ ಬಸ್ಸಿಗೆ ಹೊರಡು.”

“ಈ ಹುಡುಗಿ ಮನೆ,” ಅಜ್ಜಿ ನನ್ನ ಕಡೆ ಕೈ ತೋರಿಸಿದರು. “ಆಮೇಲೆ ಡೈರಿ, ಪೋಸ್ಟಾಫೀಸು.” ಅಂಗಡಿ, ಮಿಲ್ಲು, ಅಂಗನವಾಡಿ ಯಾವುದೂ ಇಲ್ಲ.

ಹೋಗುವಾಗಲೂ ಬರುವಾಗಲೂ ಬಲಗಡೆಯದ್ದು ಮಾತ್ರ. “ಸೋಕಿದ್ದು ಹಿಂಗೆ ಲೆಕ್ಕಾಚಾರ ಹಾಕಿ ಸೋಕುತ್ತಾ ಚಿಕ್ಕಪ್ಪ?” ಎಂದಳು ಭವ್ಯಾ.

“ಗದ್ದೆ ಬಯಲಲ್ಲಿ ಜನ ನಗ್ತಾರೆ.”

“ನಗ್ಲಿ. ಎಡಗಡೆ ನಿಂತು ನಗ್ಲಿ, ಅಜ್ಜಿಗೆ ಗೊತ್ತೇ ಆಗಲ್ಲ.”

ಮೊದಲು ನಕ್ಕವರು ಜಲಜಮ್ಮ.

ಹುಣ್ಣಿಮೆಯ ಬೆಳಗ್ಗೆ ದುಗ್ಗಪ್ಪಣ್ಣ ಅದೇ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಡೆದರು. ಅಪ್ಪ ಮಗಳ ಪಕ್ಷಕ್ಕೆ ಬಂದರು ಎಂದು ನನಗೆ ಖುಷಿಯಾಯಿತು. ಆದರೆ ಗದ್ದೆಯಿಂದ ಬಂದು ಊಟಕ್ಕೆ ಕೂತಾಗ ಅವರು ಆಡಿದ್ದು ಬೇರೆಯೇ ಮಾತು. “ಇಷ್ಟೆಲ್ಲ ಗೊತ್ತಿದ್ದೋಳು ಅಜ್ಜಿನ ಬಿಟ್ಟು ಹೆಂಗೆ ಹೋಗ್ತೀಯ? ಬೆಂಗ್ಳೂರು ಸಾಕು. ಸಾಗರದ ಕಾಲೇಜಿಗೆ ಸೇರ್ಕೋ, ದಿನಾ ಮನೆಗೆ ಬರ್ಬೋದು.”

“ಸಾಗರದಲ್ಲಿ ಈ ಸಬ್ಜೆಕ್ಟ್ ಇಲ್ಲ ಅಪ್ಪ.”

“ಇರೋದನ್ನ ಓದು.”

ಕಲಿತದ್ದನ್ನು ತೋರಿಸಿದ್ದೇ ಅವಳಿಗೆ ಉರುಳಾಯಿತಲ್ಲ ಅನ್ನಿಸಿತು ನನಗೆ. ಭವ್ಯಾ ಮಾತ್ರ ದನಿ ಏರಿಸಲಿಲ್ಲ.

“ತಟ್ಟೆ ತಿರುಗಿಸೋಕೆ ನೀನೇ ಸಾಕು ಅಪ್ಪ, ಡಿಗ್ರಿ ಬೇಡ. ಅಜ್ಜಿಗೆ ಎಡಗಡೆ ವಾಪಸ್ ಬರಿಸೋದು ಹೆಂಗೆ ಅಂತ ಕೇಳು, ನಂಗೂ ಗೊತ್ತಿಲ್ಲ. ಗೊತ್ತಿಲ್ದೇ ಇರೋದಕ್ಕೇ ಹೋಗ್ತಿರೋದು. ನೀನು ಬೇಡ ಅಂದ್ರೂ ಹೋಗ್ತೀನಿ.”

ದುಗ್ಗಪ್ಪಣ್ಣ ಬಾಯಿ ತೆರೆಯುವ ಮೊದಲೇ ಜಲಜಮ್ಮ ಸೌಟನ್ನು ಪಾತ್ರೆಗೆ ಕುಟ್ಟಿದರು. “ಮೀನು ಬಡಿಸಲ್ಲ ಅಂತ ಊರೆಲ್ಲ ಅನ್ನಿಸ್ಕೊಂಡೋಳು ನಾನು. ತಿರುಗಿಸೋಳೂ ನಾನೇ. ಅವಳು ಹೋಗ್ಲಿ.”

“ಹೋದ್ರೆ ಹೋಗ್ಲಿ, ನಾನು ಬಸ್ ಹತ್ಸೋಕೆ ಬರಲ್ಲ,” ಎಂದರು ದುಗ್ಗಪ್ಪಣ್ಣ. ಬರಲೂ ಇಲ್ಲ.

ಇವತ್ತು ಭವ್ಯಾ ಒಬ್ಬಳೇ ಬ್ಯಾಗು ಹೊತ್ತು ಹೊರಟಳು. ದಾರಿಯಲ್ಲಿ ನಮ್ಮ ಜಗಲಿಗೆ ಬಂದು ಮಗಳ ಕೆನ್ನೆ ಹಿಂಡಿದಳು. ನಾನು ಕಟ್ಟಿಟ್ಟಿದ್ದ ರೊಟ್ಟಿಯನ್ನು ಬ್ಯಾಗಿಗೆ ತುರುಕಿದೆ. ಅವಳ ಕಣ್ಣು ಕೆಂಪಾಗಿತ್ತು, ಆದರೆ ಕಾಲು ಬಸ್ಸಿನ ಕಡೆಗೇ ತಿರುಗಿತ್ತು.

“ಅತ್ತಿಗೆ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ತಟ್ಟೆ ಅಮ್ಮ ನೋಡ್ಕೋತಾಳೆ. ನೀವು ಪುರುಸೊತ್ತಾದಾಗ ಹೋಗಿ ಅಜ್ಜಿ ಎಡಗಡೆ ಕೂತು ಮಾತಾಡ್ಸಿ. ತಿರುಗಿ ನೋಡಲ್ಲ. ಯಾರದು ಗುಸುಗುಸು ಅಂತ ಬೈತಾಳೆ. ಬೈದ್ರೂ ಎದ್ದು ಬಲಗಡೆ ಹೋಗ್ಬೇಡಿ. ಅವಳೇ ತಿರುಗೋವರೆಗೆ ಕರೀತಾ ಇರಿ.”