ಸಹಿಯ ಕೆಳಗಿನ ಚುಕ್ಕೆ

ಸಹಿ ಮುಗಿದ ಮೇಲೂ ಅವರ ಪೆನ್ನು ತಕ್ಷಣ ಜೇಬಿಗೆ ಹೋಗುತ್ತಿರಲಿಲ್ಲ. ಹಸಿರು ಶಾಯಿಯ ನಿಬ್ಬು ಹೆಸರಿನ ಕೊನೆಯ ಅಕ್ಷರ ದಾಟಿ, ಕಾಗದದಿಂದ ಒಂದು ಬೆರಳಿನಷ್ಟು ಮೇಲೆ ಸುಮ್ಮನೆ ನಿಂತಿರುತ್ತಿತ್ತು. ಮೇಜಿನ ಆಚೆ ಕೈಮುಗಿದು ನಿಂತವರು ಅವರ ಮುಖ ನೋಡುತ್ತಿದ್ದರು. ನಾನು ಆ ನಿಬ್ಬನ್ನು ನೋಡುತ್ತಿದ್ದೆ. ಒಮ್ಮೊಮ್ಮೆ ಅದು ಕೆಳಗಿಳಿದು ಸಹಿಯ ಕೆಳಗೊಂದು ಚುಕ್ಕೆ ಇಡುತ್ತಿತ್ತು. ಹೆಚ್ಚಿನ ಸಲ ಹಾಗೆಯೇ ಹಿಂದೆ ಸರಿಯುತ್ತಿತ್ತು. ಅವರ ನಡುಬೆರಳಿನ ಉಗುರಿನ ಪಕ್ಕ, ಎಷ್ಟು ತೊಳೆದರೂ ಹೋಗದ ಹಸಿರು ಕಲೆಯೊಂದಿತ್ತು.

ಅವರು ಶಾಸಕರು. ಚೆನ್ನೈ ನಗರದ ಒಳಗಿನ ಒಂದು ಕ್ಷೇತ್ರದಿಂದ ಎರಡು ಸಲ ಗೆದ್ದವರು. ಕ್ಷೇತ್ರದ ಹೆಸರು ಬೇಡ, ಅವರ ಹೆಸರೂ ಬೇಡ. ಆ ಹತ್ತು ವರ್ಷವೂ ನಾನು ಅವರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಮೂರು ತಲೆಮಾರಿನಿಂದ ವೆಸ್ಟ್ ಮಾಂಬಲಂನಲ್ಲೇ ಇರುವ ಮಾಧ್ವರ ಮನೆ ನಮ್ಮದು. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕೆಲಸ ಕೇಳಿಕೊಂಡು ಹೋದ ದಿನ ನನ್ನ ಅರ್ಜಿಯಲ್ಲಿ ಮಾತೃಭಾಷೆ ಎಂದಿದ್ದ ಕಡೆ ಬೆರಳಿಟ್ಟು, ತಲೆ ಎತ್ತದೆ ಕೇಳಿದರು:

"ಮನೇಲಿ ಇನ್ನೂ ಕನ್ನಡ ಮಾತಾಡ್ತೀರಾ ಮಾಮಿ?"

ನಾನು ಬೆಚ್ಚಿದ್ದು ಅವರ ಕನ್ನಡಕ್ಕಲ್ಲ, ಆ "ಮಾಮಿ"ಗೆ. ಆಗ ನನಗೆ ಮೂವತ್ತೆರಡು, ಮದುವೆಯೂ ಆಗಿರಲಿಲ್ಲ. ನಮ್ಮ ಜಾತಿಯ ಹೆಣ್ಣುಮಕ್ಕಳು ಈ ಊರಿನಲ್ಲಿ ಹುಟ್ಟುತ್ತಲೇ ಮಾಮಿಯರು. ಮೊದಲ ವಾರವೆಲ್ಲ ಮೈ ಉರಿಯಿತು, ಆಮೇಲೆ ಅಭ್ಯಾಸವಾಯಿತು. ಅವರ ತಾಯಿ ಹೊಸೂರಿನ ಕಡೆಯವರಂತೆ. ಆದರೆ ಬಾಗಿಲು ಹಾಕಿದ ಮೇಲಷ್ಟೇ ಅವರ ಬಾಯಿಂದ ಕನ್ನಡ ಬರುತ್ತಿತ್ತು. "ಓಟು ಕೇಳೋನಿಗೆ ಒಂದೇ ಭಾಷೆ ಇರ್ಬೇಕು" ಎನ್ನುತ್ತಿದ್ದರು.

ಬೆಳಿಗ್ಗೆ ಏಳಕ್ಕೇ ಜನ ಸೇರುತ್ತಿದ್ದರು. ತ್ರಿಪ್ಲಿಕೇನಿನ ಮೆಸ್ಸೊಂದರಿಂದ ಬರುವ ಇಡ್ಲಿಯನ್ನು ನಿಂತುಕೊಂಡೇ ತಿನ್ನುತ್ತ, ಬಂದವರನ್ನೆಲ್ಲ "ಸಾಪ್ಟೀಂಗಳಾ?", ತಿಂಡಿ ಆಯಿತಾ, ಎಂದು ವಿಚಾರಿಸುವರು. ಯಾರ ಮಗಳು ಎಷ್ಟನೇ ಕ್ಲಾಸು, ಯಾರ ಗಂಡನಿಗೆ ಸಕ್ಕರೆ ಕಾಯಿಲೆ, ಎಲ್ಲ ನೆನಪು. "ಆಗೋದಿಲ್ಲ" ಎಂಬ ಮಾತು ಮಾತ್ರ ಹತ್ತು ವರ್ಷದಲ್ಲಿ ಒಮ್ಮೆಯೂ ಅವರ ಬಾಯಲ್ಲಿ ಕೇಳಲಿಲ್ಲ. ಬಂದವರಿಗೆಲ್ಲ ಒಂದೊಂದು ಶಿಫಾರಸು ಪತ್ರ. ನಾನು ಟೈಪು ಮಾಡುವುದು, ಅವರು ಸಹಿ ಹಾಕುವುದು, ನಾನು ಸೀಲು ಒತ್ತುವುದು. ಜನ ಕಾಗದವನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

ಚುಕ್ಕೆಯ ಅರ್ಥ ನನಗೆ ಯಾರೂ ಹೇಳಿಕೊಡಲಿಲ್ಲ. ಎರಡನೇ ತಿಂಗಳು, ನಾವು ಬರೆದ ಪತ್ರವೊಂದು ಏನಾಯಿತೆಂದು ಕೇಳಲು ಒಂದು ಕಚೇರಿಗೆ ಫೋನ್ ಮಾಡಿದ್ದೆ. ಆ ಕಡೆಯ ಗುಮಾಸ್ತ ಆಕಳಿಸುತ್ತ ಕೇಳಿದ, "ಪುಳ್ಳಿ ಇರುಕ್ಕಾ ಮೇಡಂ?" ಚುಕ್ಕೆ ಇದೆಯಾ ಎಂದು. ಇಲ್ಲ ಎಂದೆ. "ಹಾಗಾದರೆ ಮತ್ತೆ ಯಾಕೆ ಕೇಳ್ತೀರಿ?" ಎಂದು ನಕ್ಕು ಫೋನ್ ಇಟ್ಟ. ಅವತ್ತು ಕಡತ ತೆಗೆದು ಹಳೆಯ ಪ್ರತಿಗಳನ್ನೆಲ್ಲ ತಿರುವಿ ಹಾಕಿದೆ. ಚುಕ್ಕೆಯಿದ್ದವುಗಳ ಕೆಲಸವಾಗಿತ್ತು. ಇಲ್ಲದವು ಎಲ್ಲಿಗೆ ಹೋಗಿದ್ದವೋ ಅಲ್ಲೇ ಸತ್ತಿದ್ದವು.

ತಡೆಯಲಾರದೆ ಅವರನ್ನೇ ಕೇಳಿಬಿಟ್ಟೆ. ಅವರು ಸದ್ದಿಲ್ಲದೆ ನಕ್ಕರು.

"ಕಣ್ಣು ಚುರುಕಾಗಿದೆ ಮಾಮಿ ನಿಮಗೆ. ಬಾಯಿ ಹೇಗೆ?"

ಅಷ್ಟೇ ಹೇಳಿದ್ದು. ದನಿ ಏರಲಿಲ್ಲ, ನಗು ಆರಲಿಲ್ಲ. ಆಮೇಲೆ ತಾವಾಗಿಯೇ ಸಮಾಧಾನದ ದನಿಯಲ್ಲಿ ಸೇರಿಸಿದರು: "ಎಲ್ಲದಕ್ಕೂ ಇಟ್ರೆ ಚುಕ್ಕೆಗೆ ಬೆಲೆ ಇರಲ್ಲ. ಇಲ್ಲ ಅಂತ ಮುಖಕ್ಕೆ ಹೇಳಿದ್ರೆ ಇವತ್ತೇ ಅಳ್ತಾರೆ. ಕಾಗದ ಕೊಟ್ರೆ ಆರು ತಿಂಗಳು ಖುಷಿಯಾಗಿರ್ತಾರೆ. ಯಾವುದು ಒಳ್ಳೇದು, ನೀವೇ ಹೇಳಿ."

ನಾನು ಮುಂದಿನ ಪತ್ರಕ್ಕೆ ಸೀಲು ಒತ್ತಿದೆ. ಅಂದಿನಿಂದ ನಾನೂ ಆ ಕೆಲಸದಲ್ಲಿ ಪಾಲುದಾರಳಾದೆ.

ಇಷ್ಟನ್ನೇ ಹೇಳಿದರೆ ಅನ್ಯಾಯವಾಗುತ್ತದೆ. ನನ್ನ ತಾಯಿಗೆ ಎದೆಯ ಆಪರೇಷನ್ ಆಗಬೇಕೆಂದಾಗ ನಾನು ಬಾಯಿಬಿಟ್ಟು ಕೇಳುವ ಮೊದಲೇ ಪತ್ರ ಟೈಪು ಮಾಡಿಸಿದರು. ನಿಬ್ಬು ಒಂದು ಕ್ಷಣವೂ ನಿಲ್ಲಲಿಲ್ಲ. ಸಹಿ, ಚುಕ್ಕೆ. ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಗೇ ಬಂದು, ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ತಮ್ಮ ತಾಯಿ ಮಾಡುತ್ತಿದ್ದ ರಾಗಿ ರೊಟ್ಟಿಯ ವಿಷಯ ಮಾತಾಡಿದರು. ಅಮ್ಮ ಆಮೇಲೆ ಎಂಟು ವರ್ಷ ಬದುಕಿದಳು. ಆ ಎಂಟು ವರ್ಷವೂ ಅವಳ ದೇವರ ಮನೆಯಲ್ಲಿ ಅವರ ಹೆಸರಿಗೊಂದು ತುಳಸಿದಳ ಏರುತ್ತಿತ್ತು.

ಹೂವಿನವಳೊಬ್ಬಳು ಬಂದದ್ದು ಅವರ ಎರಡನೇ ಅವಧಿಯಲ್ಲಿ. ದೇವಸ್ಥಾನದ ಮೂಲೆಯಲ್ಲಿ ಮಲ್ಲಿಗೆ ಮಾರುತ್ತಿದ್ದಳು, ಕಾಲುವೆಯ ಪಕ್ಕದ ಗುಡಿಸಲಲ್ಲಿ ವಾಸ. ಅಧಿಕಾರಿಗಳು ಬಂದು ಅಲ್ಲಿಯ ಬಾಗಿಲುಗಳ ಮೇಲೆಲ್ಲ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ಕೆಲವರು ಅದನ್ನು ಹೊಸ ಮನೆಯ ನಂಬರೆಂದೇ ತಿಳಿದು ಅರಿಶಿನ ಕುಂಕುಮ ಹಚ್ಚಿದ್ದರಂತೆ. ಅದು ಕೆಡವುವ ಮನೆಗಳ ಲೆಕ್ಕವಾಗಿತ್ತು. ಅವರನ್ನೆಲ್ಲ ಬಸ್ಸಿನಲ್ಲಿ ಎರಡು ಗಂಟೆ ದೂರದ ಕಟ್ಟಡಗಳಿಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ಪಕ್ಕದ ಬೀದಿಯಲ್ಲೇ ಸರ್ಕಾರದ ಹೊಸ ಮನೆಗಳು ಎದ್ದಿದ್ದವು. ಅದರಲ್ಲೊಂದು ತನಗೆ ಕೊಡಿಸಿ ಎಂದು ಅವಳ ಮೊರೆ. "ಅಷ್ಟು ದೂರದಿಂದ ಹೊರಟು ಬೆಳಗಿನ ಪೂಜೆಗೆ ಹೂ ತರೋಕಾಗುತ್ತಾ ಅಣ್ಣಾ? ವ್ಯಾಪಾರ ಹೋದ್ರೆ ನಾನು ಹೋದ ಹಾಗೇ" ಎಂದು ತಮಿಳಿನಲ್ಲಿ ಅಂಗಲಾಚಿದಳು.

ಅವರು ಅವಳನ್ನು ಕೂರಿಸಿ, ಕಾಫಿ ಕೊಡಿಸಿ, ಸಹಿ ಹಾಕಿದರು. ನಿಬ್ಬು ನಿಂತಿತು. ಬಹಳ ಹೊತ್ತು ನಿಂತಿತು. ಆ ಹೊಸ ಮನೆಗಳೆಲ್ಲ ಪಕ್ಷದವರಿಗೆ ಹಂಚಿಹೋಗಿವೆ, ಪಟ್ಟಿ ಮೇಲಿನಿಂದಲೇ ಬಂದಿದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲಿ ಫೋನ್ ಬಂತು. ಪೆನ್ನನ್ನು ಮೇಜಿನ ಮೇಲಿಟ್ಟು ಒಳಕೋಣೆಗೆ ಹೋದರು.

ಸೀಲು ಒತ್ತಲು ಕಾಗದ ನನ್ನ ಮುಂದೆ ಬಂತು. ಚುಕ್ಕೆಯಿರಲಿಲ್ಲ. ಪಕ್ಕದಲ್ಲೇ ಕ್ಯಾಪು ತೆಗೆದ ಪೆನ್ನು. ಒಂದು ಚುಕ್ಕೆ, ಅಷ್ಟೇ ತಾನೇ? ಕೈ ಮುಂದಕ್ಕೂ ಹೋಯಿತು. "ಬಾಯಿ ಹೇಗೆ?" ಎಂದು ಕೇಳಿದ ಆ ತಣ್ಣನೆಯ ದನಿ ನೆನಪಾಯಿತು. ಅಮ್ಮನ ಮಾತ್ರೆಗಳು, ಈ ಕೆಲಸ, ಎಲ್ಲ ನೆನಪಾಯಿತು. ಸೀಲು ಒತ್ತಿ ಕೊಟ್ಟುಬಿಟ್ಟೆ.

ಅವಳು ಒಂದು ವಾರ ದಿನವೂ ನನಗೆ ಒಂದು ಮೊಳ ಮಲ್ಲಿಗೆ ತಂದುಕೊಟ್ಟಳು. ಬೇಡವೆಂದರೂ ಕೇಳಲಿಲ್ಲ. ನಾನು ಮುಡಿದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಮುಡಿದೆ. ಮುಂದಿನ ತಿಂಗಳು ಜೆಸಿಬಿ ಬಂತು. ಕಾಲುವೆಯ ದಂಡೆ ಮಧ್ಯಾಹ್ನದೊಳಗೆ ಬಯಲಾಯಿತು. ದೇವಸ್ಥಾನದ ಮೂಲೆಯಲ್ಲಿ ಬೇರೆ ಯಾರೋ ಬುಟ್ಟಿ ಇಟ್ಟುಕೊಂಡು ಕೂತರು.

ಅವರ ಪತನವೂ ಅಷ್ಟೇ ಮೆತ್ತಗೆ ಬಂತು. ಮಂತ್ರಿಯಾಗುತ್ತಾರೆಂದು ಎರಡು ಸಲ ಸುದ್ದಿಯೆದ್ದು ಎರಡು ಸಲವೂ ಅಡಗಿತು. ಮೂರನೇ ಚುನಾವಣೆ ಹತ್ತಿರ ಬಂದಾಗ ಟಿಕೆಟ್ಟಿಗಾಗಿ ಪಕ್ಷದ ನಾಯಕರನ್ನು ನೋಡಿ ಬಂದರು. ಹೊರಗೆ ಜನ ಪಟಾಕಿ ಸರ ಹಿಡಿದು ಕಾದಿದ್ದರು. ಅವರು ಎಲ್ಲರಿಗೂ ಕೈಬೀಸಿ ಒಳಗೆ ಬಂದು, ಬಾಗಿಲು ಹಾಕಿ, ಕನ್ನಡದಲ್ಲಿ ಹೇಳಿದರು:

"ಕೈ ಹಿಡ್ಕೊಂಡು ನಕ್ರು ಮಾಮಿ. ಊಟ ಆಯ್ತಾ ಅಂತ ಕೇಳಿದ್ರು. ಚುಕ್ಕೆ ಇರ್ಲಿಲ್ಲ."

ಟಿಕೆಟ್ಟು ಅವರ ಬಲಗೈಯಾಗಿದ್ದ ವಾರ್ಡ್ ಕಾರ್ಯದರ್ಶಿಗೆ ಹೋಯಿತು. ಹತ್ತು ವರ್ಷ ಅವರ ಪಕ್ಕದಲ್ಲೇ ನಿಂತು ಎಲ್ಲ ಕಲಿತವನು. ಹಸಿರು ಶಾಯಿಯನ್ನೂ ಬಿಡಲಿಲ್ಲ. ಕಚೇರಿ ಖಾಲಿ ಮಾಡಿದ ದಿನ ಅವರು ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗಿಟ್ಟರು. "ನನಗೆ ಇನ್ಯಾಕೆ? ನೀವು ಇಟ್ಕೊಳ್ಳಿ" ಎಂದರು. ನಾನು ಮಾಂಬಲಂ ಸ್ಟೇಷನ್ನಿನ ಹತ್ತಿರ ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿಗಳ ಸಣ್ಣ ಅಂಗಡಿ ಹಾಕಿಕೊಂಡೆ. ಪೆನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತಿತ್ತು. ಶಾಯಿ ಒಣಗದಂತೆ ನೋಡಿಕೊಂಡೆ, ಯಾಕೆಂದು ನನಗೇ ಗೊತ್ತಿಲ್ಲ.

ನಾಲ್ಕು ವರ್ಷದ ಮೇಲೆ ಒಂದು ಬೆಳಿಗ್ಗೆ ಆಟೋ ಬಂದು ನಿಂತಿತು. ಇಳಿದವರನ್ನು ನೋಡಿ ಗುರುತೇ ಸಿಗಲಿಲ್ಲ. ಬಲಗಾಲಿಗೆ ದಪ್ಪ ಬ್ಯಾಂಡೇಜು, ಸಕ್ಕರೆ ಕಾಯಿಲೆ ಕಣ್ಣನ್ನೂ ತಿಂದಿತ್ತು. ಶರ್ಟು ಮಾತ್ರ ಅದೇ ಬಿಳುಪು. ಕುರ್ಚಿ ಕೊಟ್ಟೆ. ಕಾಲಿನ ಆಪರೇಷನ್ನಿಗೆ ದಿನಾಂಕ ಕೊಟ್ಟು ಕೊಟ್ಟು ಮುಂದೂಡುತ್ತಿದ್ದಾರೆ, ಇನ್ನು ತಡವಾದರೆ ವಿಷ ಮೇಲೇರುತ್ತದೆ ಎಂದರು. "ಮಾಜಿ ಅಂತ ಕಾರ್ಡು ಇದೆ ಮಾಮಿ, ದಿನಾಂಕ ಇಲ್ಲ." ಜೇಬಿನಿಂದ ಪತ್ರವೊಂದನ್ನು ತೆಗೆದರು. ಹೊಸ ಶಾಸಕ ಕೊಟ್ಟದ್ದು, ಆಸ್ಪತ್ರೆಗೆ.

"ಕಾಲು ಮುಟ್ಟಿ ನಮಸ್ಕಾರ ಮಾಡಿ ಕೊಟ್ಟ. ನನಗೆ ಕಣ್ಣು ಕಾಣಲ್ಲ. ಇನ್ಯಾರನ್ನೂ ಕೇಳೋ ಹಾಗಿಲ್ಲ. ನೋಡಿ ಹೇಳಿ, ಇದೆಯಾ?"

ನೋಡಿದೆ. ಹಸಿರು ಸಹಿ. ಅದರ ಕೆಳಗೆ ಬೆಳ್ಳಗಿನ ಕಾಗದ, ಬೇರೇನೂ ಇಲ್ಲ.

"ಇದೆ ಸಾರ್" ಎಂದೆ. "ಒಂದು ಜೆರಾಕ್ಸ್ ತೆಗೆದುಕೊಡ್ತೀನಿ, ಇಟ್ಕೊಂಡಿರಿ."

ಮಿಷನ್ನಿನ ಹಿಂದೆ ಹೋದೆ. ಅಮ್ಮನ ಎಂಟು ವರ್ಷ ಕಣ್ಣ ಮುಂದೆ ಬಂತು. ಪೆನ್ನು ತೆಗೆದು ಚುಕ್ಕೆ ಇಟ್ಟೆ. ಚುಕ್ಕೆ ಸ್ವಲ್ಪ ದಪ್ಪವಾಯಿತು. ತಂದುಕೊಟ್ಟೆ. ಅವರು ಕಾಗದವನ್ನು ಮಡಿಲಲ್ಲಿ ಹರಡಿ, ಸಹಿಯ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಆ ಬೆರಳನ್ನು ಕಣ್ಣಿನ ತೀರಾ ಹತ್ತಿರ ತಂದು ನೋಡಿದರು.

"ಹಸಿ ಇದೆ ಮಾಮಿ."

ಹೊರಗೆ ಟ್ರೇನು ಬಂದು ಹೋಯಿತು. ಅವರು ಕಾಗದವನ್ನು ನಿಧಾನವಾಗಿ ಮಡಿಚಿದರು.

"ಆ ಹೂವಿನವಳು ಬಂದಿದ್ಲಲ್ಲ, ಅವತ್ತು ಪೆನ್ನು ಮೇಜಿನ ಮೇಲೇ ಬಿಟ್ಟು ಒಳಗೆ ಹೋದೆ. ನಾನು ಪೆನ್ನು ಮರೆಯೋನಲ್ಲ. ನೀವು ಇಡ್ತೀರಿ ಅಂದ್ಕೊಂಡಿದ್ದೆ."

ಅಯ್ಯೋ, ಎಂಥ ಮನುಷ್ಯ! ಸಿಟ್ಟು ನೆತ್ತಿಗೇರಿತು. ತಾನು ಇಡಬೇಕಾದ್ದನ್ನು ನನ್ನ ಕೈಗೆ ಬಿಟ್ಟು, ಇಷ್ಟು ವರ್ಷ ಆದ ಮೇಲೆ ನನ್ನನ್ನೇ ಕೇಳುವುದೇ? ಬೈದುಬಿಡಬೇಕೆಂದು ಬಾಯಿ ತೆರೆದೆ. ಆ ಬ್ಯಾಂಡೇಜು ಕಂಡಿತು. ಬಾಯಿ ಮುಚ್ಚಿಕೊಂಡೆ. ಅವರನ್ನು ಆಟೋ ಹತ್ತಿಸುವಾಗ ನನ್ನ ಭುಜದ ಮೇಲೆ ಕೈಯೂರಿದರು. ಭಾರವೇ ಇರಲಿಲ್ಲ.

ಮೂರು ವಾರದ ಮೇಲೆ ತೀರಿಕೊಂಡರು. ಪತ್ರವನ್ನು ಆಸ್ಪತ್ರೆಗೆ ಕೊಡಲೇ ಇಲ್ಲವಂತೆ. ಕೊನೆಯವರೆಗೂ ಅದು ಶರ್ಟಿನ ಜೇಬಿನಲ್ಲೇ ಇತ್ತು ಎಂದು ಅವರ ಹೆಂಡತಿ ಹೇಳಿದರು. ಕೊಡಿ ಎಂದರೆ, "ಅದು ನನಗೆ ಬಂದ ಕಾಗದ, ಅವರಿಗಲ್ಲ" ಎಂದರಂತೆ.

ಮನೆಯ ಮುಂದೆ ಶಾಮಿಯಾನ, ಹೊಸ ಶಾಸಕ ತಂದ ಆಳೆತ್ತರದ ಹಾರ. ಜನರ ನಡುವಿನಿಂದ ಯಾರೋ ನನ್ನ ಸೆರಗು ಹಿಡಿದರು. ತಿರುಗಿದರೆ ಆ ಹೂವಿನವಳು. ಕೂದಲು ಪೂರಾ ಬೆಳ್ಳಗಾಗಿತ್ತು. ಆ ದೂರದ ಕಟ್ಟಡಗಳಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಈಗ ಹೂ ಮಾರುವುದಿಲ್ಲವಂತೆ. ಅಣ್ಣನಿಗೆಂದು ಬಿಡಿ ಮಲ್ಲಿಗೆ ತಂದಿದ್ದಳು. ಅದನ್ನು ಅವರ ಕಾಲಿನ ಬಳಿ ಸುರಿದು, ಅತ್ತು, ಮುಖ ಒರೆಸಿಕೊಂಡು ನನ್ನ ಹತ್ತಿರ ವಾಪಸು ಬಂದಳು. ಚೀಲದಿಂದ ಏನನ್ನೋ ತೆಗೆದಳು.

ನಾನೇ ಟೈಪು ಮಾಡಿದ್ದ ಪತ್ರ. ನಾನೇ ಒತ್ತಿದ್ದ ಸೀಲು.

"ಅಣ್ಣ ಕೊಟ್ಟದ್ದು. ಎಷ್ಟು ಮಳೆ ಬಂದ್ರೂ ನೆನೆಯದ ಹಾಗೆ ಇಟ್ಟಿದೀನಿ. ಆಫೀಸಿನಲ್ಲಿ ಯಾರೂ ನೋಡ್ತಾನೇ ಇಲ್ಲ. ನಿಮಗೆ ಗೊತ್ತಿರುತ್ತಲ್ಲ, ಇದರಲ್ಲಿ ಏನಾದ್ರೂ ಕಮ್ಮಿ ಇದೆಯಾ? ವೀಡು ಕಿಡೈಕ್ಕುಮಾ ಮಾಮಿ?"

ಮನೆ ಸಿಗುತ್ತದೆಯೇ ಎಂದು ಕೇಳಿ ನನ್ನ ಮುಖವನ್ನೇ ನೋಡುತ್ತ ನಿಂತಳು. ಅವರು ಅಂಗಡಿಗೆ ಬಂದು ಹೋದಂದಿನಿಂದ ಪೆನ್ನು ನನ್ನ ಬ್ಯಾಗಿನಲ್ಲೇ ಇತ್ತು, ಶಾಯಿಯೂ ಇತ್ತು. ಕೈ ಒಳಗೆ ಹೋಯಿತು. ಆಮೇಲೆ ಕಾಗದ ಮುಟ್ಟಿ ನೋಡಿದೆ. ಅವಳು ಅದನ್ನು ಲ್ಯಾಮಿನೇಟ್ ಮಾಡಿಸಿದ್ದಳು.